ಕಂದು ಬಣ್ಣದ ಪ್ಯಾನೆಲ್ ಮತ್ತು ನನ್ನ ಅರ್ಧ ಜ್ಞಾನ

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ನಮ್ಮ ಕಡೆ ಒಂದು ಗಾದೆ ಇದೆ. ಚಿಕ್ಕಂದಿನಲ್ಲಿ ನೂರು ಸಲ ಕೇಳಿದ್ದೆ. ಅದರ ಅರ್ಥ ತಲೆಗೆ ಇಳಿದದ್ದು ಮಾತ್ರ ಕ್ಯಾಲಿಫೋರ್ನಿಯಾಕ್ಕೆ ಬಂದು ಹತ್ತು ವರ್ಷ ಕಳೆದ ಮೇಲೆ, ಅದೂ ಒಂದು ಸೋಲಾರ್ ಪ್ಯಾನೆಲ್ ವಿಷಯದಲ್ಲಿ. ಇದರಲ್ಲಿ ನನ್ನ ಮಾನ ಹೋದ ಪ್ರಸಂಗವೂ ಇದೆ. ಇರ್ಲಿ ಬಿಡಿ, ಹೇಳಿಯೇ ಬಿಡ್ತೀನಿ.

ನಮ್ಮೂರು ತೀರ್ಥಹಳ್ಳಿ ಕಡೆ. ಮಳೆಗಾಲ ಶುರುವಾಯ್ತು ಅಂದ್ರೆ ಎಲ್ಲೋ ಒಂದು ಮರ ತಂತಿ ಮೇಲೆ ಬಿದ್ದು, ಕರೆಂಟು ಹೋದದ್ದು ಮೂರು ದಿನಕ್ಕೆ ಬಂದರೆ ಪುಣ್ಯ. ಅಂಥಾ ಊರಿನಲ್ಲಿ 1998ರಲ್ಲಿ ಅಪ್ಪಯ್ಯ ಹಂಚಿನ ಮಾಡಿನ ಮೇಲೆ 37 ವ್ಯಾಟಿನ ಒಂದು ಪ್ಯಾನೆಲ್ ಹಾಕಿಸಿದ. ನಾಲ್ಕು ಟ್ಯೂಬ್ ದೀಪ, ಒಂದು ಬ್ಯಾಟರಿ. ಊರಿಗೆಲ್ಲ ಅದು ನೋಡೋ ವಸ್ತು. 2011ರಲ್ಲಿ ಒಂದು ಭಾನುವಾರ ಫೋನ್ ಮಾಡಿದಾಗ, "ಅಲ್ಲ ಮಾರಾಯ, ದೀಪ ಎಂಟು ಗಂಟೆಗೇ ಮಲಗ್ತದೆ. ಎಂತ ಮಾಡೂದು?" ಅಂದ. ಚಿಕ್ಕಪ್ಪನ ಮಗನಿಗೆ ಹೇಳಿ ಪ್ಯಾನೆಲ್‌ನ ಫೋಟೋ ತರಿಸಿಕೊಂಡೆ. ನೀಲಿಯಾಗಿರಬೇಕಿದ್ದ ಸೆಲ್‌ಗಳ ನಡುಭಾಗ ಕಾಫಿ ಡಿಕಾಕ್ಷನ್ ಚೆಲ್ಲಿದ ಹಾಗೆ ಕಂದಾಗಿತ್ತು.

ಅದೇ ವರ್ಷ ಆಫೀಸಿನಲ್ಲಿ ಊಟದ ಹೊತ್ತಿಗೆ ಒಬ್ಬ ಸಹೋದ್ಯೋಗಿ, ಇದೇ ಕ್ಯಾಲಿಫೋರ್ನಿಯಾದಲ್ಲಿ ಪ್ರಪಂಚಕ್ಕೇ ದೊಡ್ಡದಾದ ಸೋಲಾರ್ ಸ್ಥಾವರ ಒಂದು ಕಂದು ತಿರುಗಿ ಸತ್ತೇ ಹೋಯ್ತು ಅಂತ ಕಥೆ ಹೇಳಿದ್ದ. ನನಗೆ ಅಷ್ಟು ಸಾಕಾಯ್ತು. "ಅಪ್ಪಯ್ಯ, ಪ್ಯಾನೆಲ್ ಸತ್ತಿದೆ, ಬಿಸಾಕಿ ಹೊಸತು ಹಾಕ್ಸು" ಅಂತ ಎಂಟು ಸಾವಿರ ಮೈಲಿ ದೂರದಿಂದ ತೀರ್ಪು ಕೊಟ್ಟೆ. ಅಮೆರಿಕಾದ ಇಂಜಿನಿಯರ್ ಮಗ ಹೇಳಿದ ಮೇಲೆ ಮುಗೀತಲ್ಲ! ಹೊಸ ಪ್ಯಾನೆಲ್ ಬಂತು. ದೀಪ ಮತ್ತೆ ಎಂಟು ಗಂಟೆಗೇ ಮಲಗಿತು.

ಕೊನೆಗೆ ಪೇಟೆಯಿಂದ ಬಂದ ಒಬ್ಬ ಹುಡುಗ ಬ್ಯಾಟರಿಯ ಮುಚ್ಚಳ ತೆಗೆದು ನೋಡಿದ್ದಾನೆ. ನೀರು ಬತ್ತಿ ಒಳಗಿನ ಪ್ಲೇಟುಗಳು ಬೆಳ್ಳಗೆ ಕಟ್ಟಿಹೋಗಿದ್ದವಂತೆ. ಬ್ಯಾಟರಿ ಬದಲಾಯಿಸಿದ ದಿನವೇ ದೀಪ ರಾತ್ರಿಯೆಲ್ಲ ಉರಿಯಿತು. ಹಾಗಾದ್ರೆ ಆ ಕಂದು ಬಣ್ಣ? ಆ ಪ್ರಶ್ನೆ ನನ್ನ ತಲೆಯಲ್ಲಿ ಮುಳ್ಳಿನ ಹಾಗೆ ಉಳಿದುಕೊಂಡಿತು.

2017ರ ವಸಂತದಲ್ಲಿ ಇಲ್ಲಿ ಒಳ್ಳೆ ಮಳೆಯಾಗಿ, ಕ್ಯಾರಿಜೋ ಬಯಲಿನಲ್ಲಿ ಹೂವಿನ ಜಾತ್ರೆಯೇ ಆಗಿತ್ತು. ಮಕ್ಕಳನ್ನು ಕಟ್ಟಿಕೊಂಡು ಹೋದೆವು. ಸ್ಯಾನ್ ಲೂಯಿಸ್ ಒಬಿಸ್ಪೋ ಕೌಂಟಿಯ ಪೂರ್ವದ ಅಂಚಿನಲ್ಲಿರುವ ಒಣ ಬಯಲು ಅದು. ಸ್ಯಾನ್ ಆಂಡ್ರಿಯಾಸ್ ಬಿರುಕು ಅಲ್ಲೇ ಹಾದು ಹೋಗುತ್ತದೆ. ಹೈವೇ 58ರ ಪಕ್ಕದಲ್ಲಿ ಹಳದಿ ಹೂವಿನ ಬದಲು ಕಪ್ಪು ಪ್ಯಾನೆಲ್‌ಗಳ ಸಮುದ್ರ ಕಾಣಿಸಿತು. ಅದು 2014ರಲ್ಲಿ ಪೂರ್ತಿಯಾದ ಟೋಪಾಜ್ ಸ್ಥಾವರ, 550 ಮೆಗಾವ್ಯಾಟಿನದು. ಹತ್ತಿರದಲ್ಲೇ 250 ಮೆಗಾವ್ಯಾಟಿನ ಇನ್ನೊಂದಿದೆ. ಆಗ ಥಟ್ಟನೆ ಹೊಳೆಯಿತು... ಸಹೋದ್ಯೋಗಿ ಹೇಳಿದ "ಕಂದು ತಿರುಗಿ ಸತ್ತ" ಸ್ಥಾವರ ಇದ್ದದ್ದು ಇದೇ ಬಯಲಿನಲ್ಲಿ! ಮನೆಗೆ ಬಂದವನೇ ಅದರ ಇತಿಹಾಸ ಕೆದಕಲು ಕೂತೆ.

ಸ್ವಲ್ಪ ಹಿಂದಿನಿಂದ ಬರೋಣ. ಬೆಲ್ ಲ್ಯಾಬ್ಸ್‌ನ ಚಾಪಿನ್, ಫುಲ್ಲರ್, ಪಿಯರ್ಸನ್ ಅನ್ನೋ ಮೂವರು ಸಿಲಿಕಾನ್ ಸೆಲ್ ಅನ್ನು ಲೋಕಕ್ಕೆ ತೋರಿಸಿದ್ದು 1954ರ ಏಪ್ರಿಲ್‌ನಲ್ಲಿ. ಬಿದ್ದ ಬಿಸಿಲಿನ ಶೇಕಡಾ 6ರಷ್ಟನ್ನು ಅದು ಕರೆಂಟು ಮಾಡುತ್ತಿತ್ತು. 1958ರಲ್ಲಿ ಹಾರಿದ ವ್ಯಾನ್‌ಗಾರ್ಡ್-1 ಉಪಗ್ರಹದ ಸೆಲ್‌ಗಳು 1964ರವರೆಗೆ ಅದರ ರೇಡಿಯೋ ನಡೆಸಿದವು. ಅಂದರೆ ಸೆಲ್ ಗಟ್ಟಿ ವಸ್ತು. ಕಷ್ಟ ಇದ್ದದ್ದು ಅದನ್ನು ಭೂಮಿಯ ಮೇಲೆ ಮಳೆ, ಧೂಳು, ಆಲಿಕಲ್ಲು, ಹಕ್ಕಿ ಹಿಕ್ಕೆಯಿಂದ ಕಾಪಾಡುವುದರಲ್ಲಿ.

1973ರ ಎಣ್ಣೆ ಬಿಕ್ಕಟ್ಟಿನ ನಂತರ ಅಮೆರಿಕಾ ಸರಕಾರ ಈ ಕೆಲಸವನ್ನು ಪಸಡೀನಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಗೆ ವಹಿಸಿತು. 1975ರಿಂದ 1986ರವರೆಗೆ ನಡೆದ ಈ ಯೋಜನೆಯಲ್ಲಿ ಅವರು ಕಂಪನಿಗಳಿಂದ ಪ್ಯಾನೆಲ್‌ಗಳನ್ನು ಕಂತು ಕಂತಾಗಿ ಕೊಂಡು, ಬಿಸಿಲಿಗಿಟ್ಟು, ಬಿಸಿ ಮಾಡಿ, ತಣ್ಣಗೆ ಮಾಡಿ, ಕೃತಕ ಆಲಿಕಲ್ಲು ಹೊಡೆದು ಎಲ್ಲಿ ಕೆಡುತ್ತದೆ ಅಂತ ನೋಡಿದರು. ಇವತ್ತು ಪ್ಯಾನೆಲ್‌ಗೆ ಸರ್ಟಿಫಿಕೇಟ್ ಕೊಡುವ ಪರೀಕ್ಷೆಗಳ ಬೇರು ಇಲ್ಲಿದೆ. ಮೊದಮೊದಲು ಸೆಲ್‌ಗಳನ್ನು ಸಿಲಿಕೋನ್ ರಬ್ಬರಿನಲ್ಲಿ ಮುಳುಗಿಸುತ್ತಿದ್ದರು. ಅದು ದುಬಾರಿ, ಮೇಲಾಗಿ ಗಾಜು ಮುಚ್ಚದೆ ಹಾಗೇ ಬಿಟ್ಟ ಕಡೆ ಧೂಳು ಅಂಟಿಕೊಳ್ಳುತ್ತಿತ್ತು. ಆಮೇಲೆ ಕಾರಿನ ಗಾಜಿನ ನಡುವೆ ಹಾಕುವ ಪಿವಿಬಿ ಬಂತು. ಕೊನೆಗೆ ಅಗ್ಗದ, ಪಾರದರ್ಶಕವಾದ ಈವಿಎ ಅನ್ನೋ ಪ್ಲಾಸ್ಟಿಕ್ ಆಯ್ಕೆಯಾಯ್ತು. ಚಪ್ಪಲಿಯ ಮೆತ್ತನೆ ಅಟ್ಟೆ ಮಾಡೋದೂ ಇದೇ ಜಾತಿಯ ವಸ್ತುವಿನಿಂದ. ಗಾಜು, ಈವಿಎ, ಸೆಲ್, ಮತ್ತೆ ಈವಿಎ, ಹಿಂದೆ ಒಂದು ಹಾಳೆ. ಸ್ಯಾಂಡ್‌ವಿಚ್ ಮಾಡಿದ ಹಾಗೆ ಬಿಸಿಯಲ್ಲಿ ಒತ್ತಿದರೆ ಪ್ಯಾನೆಲ್ ಸಿದ್ಧ.

ಈ ಹೊತ್ತಿಗೆ ಅಟ್ಲಾಂಟಿಕ್ ರಿಚ್‌ಫೀಲ್ಡ್ ಅನ್ನೋ ಎಣ್ಣೆ ಕಂಪನಿ, ಬಿಲ್ ಯರ್ಕೀಸ್ ಕಟ್ಟಿದ್ದ ಚಿಕ್ಕ ಸೋಲಾರ್ ಕಂಪನಿಯನ್ನು 1977ರಲ್ಲಿ ಕೊಂಡು ಆರ್ಕೋ ಸೋಲಾರ್ ಅಂತ ಹೆಸರಿಟ್ಟಿತ್ತು. 1982ರಲ್ಲಿ ಇವರು ಕ್ಯಾಲಿಫೋರ್ನಿಯಾದ ಹೆಸ್ಪೀರಿಯಾ ಹತ್ತಿರ ಲೂಗೋ ಅನ್ನೋ ಕಡೆ ಪ್ರಪಂಚದ ಮೊದಲ ಒಂದು ಮೆಗಾವ್ಯಾಟ್ ಸ್ಥಾವರ ಕಟ್ಟಿದರು. ಅದು ಚೆನ್ನಾಗಿ ನಡೆಯಿತು. ಆ ಧೈರ್ಯದಲ್ಲಿ 1983ರಿಂದ ಕ್ಯಾರಿಜೋ ಬಯಲಿನಲ್ಲಿ ಸುಮಾರು ಒಂದು ಲಕ್ಷ ಪ್ಯಾನೆಲ್‌ಗಳ, 5.2 ಮೆಗಾವ್ಯಾಟಿನ ಸ್ಥಾವರ ಎದ್ದಿತು. ಹೆಸರು ಕ್ಯಾರಿಸಾ ಪ್ಲೇನ್ಸ್. ಅವತ್ತಿಗೆ ಪ್ರಪಂಚದಲ್ಲಿ ಅಷ್ಟು ದೊಡ್ಡದು ಬೇರೆ ಇರಲಿಲ್ಲ.

ಇಲ್ಲಿ ಒಂದು ಜಾಣತನ ಮಾಡಿದರು. ಸೆಲ್ ದುಬಾರಿ, ಕನ್ನಡಿ ಅಗ್ಗ. ಹಾಗಾಗಿ ಸೂರ್ಯನ ಕಡೆ ತಿರುಗುವ ಪ್ಯಾನೆಲ್‌ಗಳ ಎರಡೂ ಬದಿಗೆ ಕನ್ನಡಿ ಇಟ್ಟು, ಹೆಚ್ಚುವರಿ ಬಿಸಿಲನ್ನು ಸೆಲ್‌ಗಳ ಮೇಲೆ ಬೀಳಿಸಿದರು. ಲೆಕ್ಕದಲ್ಲಿ ಲಾಭವೇ. ಆದರೆ ಕನ್ನಡಿ ಬೆಳಕನ್ನಷ್ಟೇ ಕಳಿಸುತ್ತದೆಯೇ? ಅತಿನೇರಳೆ ಕಿರಣವನ್ನೂ ಕಳಿಸುತ್ತದೆ, ಶಾಖವನ್ನೂ ಕಳಿಸುತ್ತದೆ. ಪ್ಯಾನೆಲ್‌ಗಳ ಬಿಸಿ 80 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಕೆಲವೇ ವರ್ಷಗಳಲ್ಲಿ ಸೆಲ್‌ಗಳ ಮೇಲಿನ ಈವಿಎ ಮೊದಲು ಹಳದಿಗೆ, ಆಮೇಲೆ ಕಂದಿಗೆ ತಿರುಗಿತು. 1990ರ ಹೊತ್ತಿಗೆ ಸ್ಥಾವರ ತನ್ನ ಶಕ್ತಿಯ ಶೇಕಡಾ 40ಕ್ಕೂ ಹೆಚ್ಚು ಕಳೆದುಕೊಂಡಿತ್ತು.

ಮೂವತ್ತು ವರ್ಷ ಬಾಳಬೇಕು ಅಂತ ಕಟ್ಟಿದ್ದು ಏಳೇ ವರ್ಷದಲ್ಲಿ ಹೀಗಾದಾಗ ಇಡೀ ಉದ್ಯಮಕ್ಕೆ ನಡುಕ ಹುಟ್ಟಿತು. ಈವಿಎ ಅನ್ನೇ ಎಲ್ಲರೂ ಬಳಸುತ್ತಿದ್ದರು. ಈವಿಎ ಕೆಟ್ಟದ್ದಾದರೆ ಪ್ರಪಂಚದ ಮಾಡುಗಳ ಮೇಲೆ ಕೂತಿದ್ದೆಲ್ಲ ಇದೇ ದಾರಿ ಹಿಡಿಯಬೇಕಲ್ಲ? ಗಾಬರಿಯಾಗೋದು ಸಹಜ. ನನ್ನ ಸಹೋದ್ಯೋಗಿ ಹೇಳಿದ ಕಥೆ ಇಲ್ಲಿಗೆ ನಿಲ್ಲುತ್ತಿತ್ತು. ನಿಜವಾದ ಕಥೆ ಶುರುವಾಗೋದೇ ಇಲ್ಲಿಂದ.

ಅಳೆಯುವವರು ಬಂದರು. ಮೊದಲು ನೋಡಿದ್ದು ಏನನ್ನು ಅಂದ್ರೆ, ಎಲ್ಲ ಪ್ಯಾನೆಲ್‌ಗಳೂ ಒಂದೇ ಥರ ಕಂದಾಗಿವೆಯಾ ಅಂತ. ಇಲ್ಲ! ಕನ್ನಡಿ ಇಲ್ಲದ ಕಡೆ ಕಂದು ಕಡಿಮೆ. ಲೂಗೋದಲ್ಲಿ ಕನ್ನಡಿಯೇ ಇರಲಿಲ್ಲ, ಅಲ್ಲಿ ಇಂಥಾ ಅನಾಹುತವೂ ಆಗಿರಲಿಲ್ಲ. ಎರಡನೆಯದಾಗಿ, ಒಂದೊಂದು ಸೆಲ್‌ನ ಮೇಲೂ ಕಂದು ನಡುವೆ ಮಾತ್ರ, ಅಂಚಿನಲ್ಲಿ ತಿಳಿ. ಯಾಕೆ? ಹಿಂದಿನ ಹಾಳೆ ಸ್ವಲ್ಪ ಉಸಿರಾಡುತ್ತದೆ. ಸೆಲ್‌ಗಳ ನಡುವಿನ ಸಂದಿಯಿಂದ ಆಮ್ಲಜನಕ ಒಳಗೆ ನುಸುಳಿ, ಬಿಸಿಲಿನ ಜೊತೆ ಸೇರಿ ಆ ಕಂದನ್ನು ಮತ್ತೆ ಬಿಳುಪು ಮಾಡುತ್ತದೆ. ಸೆಲ್‌ನ ನಡುವಿಗೆ ಗಾಳಿ ತಲುಪುವುದಿಲ್ಲ. ನಮ್ಮ ಅಪ್ಪಯ್ಯನ ಪ್ಯಾನೆಲ್‌ನ ಫೋಟೋದಲ್ಲಿ ನಾನು ಕಂಡದ್ದು ಇದೇ ಚಿತ್ರ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ತಪ್ಪು ಬರೀ ಈವಿಎದ್ದಲ್ಲ, ಅದಕ್ಕೆ ಬೆರೆಸಿದ್ದ ಮಸಾಲೆಯದ್ದು ಅಂತ 1990ರ ದಶಕದ ಸಂಶೋಧನೆಗಳು ತೋರಿಸಿದವು. ಈವಿಎ ಗಟ್ಟಿಯಾಗಲು ಹಾಕಿದ ಪೆರಾಕ್ಸೈಡ್‌ನಲ್ಲಿ ಉಳಿದದ್ದು, ಅತಿನೇರಳೆ ತಡೆಯಲು ಹಾಕಿದ ರಾಸಾಯನಿಕ, ಇವೆರಡೂ ಬಿಸಿಲಿನಲ್ಲಿ ಒಂದನ್ನೊಂದು ತಿನ್ನುತ್ತಿದ್ದವು. ಕಾಪಾಡಲಿ ಅಂತ ಇಟ್ಟ ಕಾವಲುಗಾರನೇ ಬಣ್ಣ ಕೆಡಿಸುತ್ತಿದ್ದ ಅನ್ನಿ. ಆಮೇಲೆ ಬೆರಕೆ ಬದಲಾಯಿಸಿದರು, ಅತಿನೇರಳೆ ಕಿರಣ ತಡೆಯುವ ಸೀರಿಯಂ ಸೇರಿದ ಗಾಜು ಬಂತು. ಕಂದು ಬಣ್ಣದ ವೇಗ ಬಹಳ ಇಳಿಯಿತು.

ಹಾಗಾದ್ರೆ 40ಕ್ಕೂ ಹೆಚ್ಚು ಶೇಕಡಾ ಹೋದದ್ದು ಎಲ್ಲಿಗೆ? ಬಣ್ಣ ಒಂದು ಸೆಲ್‌ಗೆ ಬರುವ ಬೆಳಕನ್ನು ಕದಿಯುವುದು ಒಂದು ಭಾಗ. ಇನ್ನೊಂದು ಭಾಗ ಸರಣಿಯದ್ದು. ಆಗುಂಬೆ ಘಾಟಿಯಲ್ಲಿ ಮುಂದೆ ಒಂದು ಲಾರಿ ಏದುಸಿರು ಬಿಡ್ತಾ ಹೋಗ್ತಿದ್ರೆ ಹಿಂದಿನ ಬಸ್ಸು, ಕಾರು, ಬೈಕು ಎಲ್ಲ ಅದರ ವೇಗಕ್ಕೇ ಬರಬೇಕಲ್ಲ? ಸೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿದಾಗಲೂ ಅಷ್ಟೇ. ಎಲ್ಲಕ್ಕಿಂತ ದುರ್ಬಲ ಸೆಲ್ ಎಷ್ಟು ಕರೆಂಟು ಬಿಡುತ್ತದೋ ಉಳಿದವೂ ಅಷ್ಟಕ್ಕೇ ಬಗ್ಗಬೇಕು. ಕೆಲವು ಹೆಚ್ಚು ಕಂದು, ಕೆಲವು ಕಡಿಮೆ ಕಂದು ಆದಾಗ ನಷ್ಟ ಬಣ್ಣಕ್ಕಿಂತ ದೊಡ್ಡದಾಗುತ್ತದೆ. ಇದಕ್ಕೆಂದೇ ಪ್ಯಾನೆಲ್‌ನಲ್ಲಿ ಬೈಪಾಸ್ ಡಯೋಡ್ ಅಂತ ಇಡುತ್ತಾರೆ. ಲಾರಿ ಕೆಟ್ಟು ನಿಂತಾಗ ಪಕ್ಕದ ದಾರಿ ತೆರೆದ ಹಾಗೆ.

ಕ್ಯಾರಿಸಾದ ಕಥೆ ಮುಂದೆ ಬೇಗ ಮುಗಿಯುತ್ತದೆ. ಆರ್ಕೋ ತನ್ನ ಸೋಲಾರ್ ವ್ಯಾಪಾರವನ್ನು ಸೀಮೆನ್ಸ್‌ಗೆ ಮಾರಿತು. ಸ್ಥಾವರ ಬೇರೆಯವರ ಕೈಗೆ ಹೋಗಿ, 1990ರ ದಶಕದ ಕೊನೆಗೆ ಪೂರ್ತಿ ಕಳಚಿ ಹೋಯ್ತು. ಆದರೆ ತಮಾಷೆ ನೋಡಿ, ಆ "ಸತ್ತ" ಪ್ಯಾನೆಲ್‌ಗಳನ್ನು ಯಾರೂ ಗುಂಡಿಗೆ ಹಾಕಲಿಲ್ಲ. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಬಿಸಿ ದೋಸೆಯ ಹಾಗೆ ಖರ್ಚಾದವು. ಕರೆಂಟು ಕಂಬ ತಲುಪದ ಬೆಟ್ಟದ ಮನೆಗಳವರು ಅವನ್ನು ಕೊಂಡು, ಕನ್ನಡಿ ಇಲ್ಲದೆ ಸಾದಾ ಬಿಸಿಲಿನಲ್ಲಿ ಇಟ್ಟು ವರ್ಷಗಟ್ಟಲೆ ಬ್ಯಾಟರಿ ತುಂಬಿಸಿಕೊಂಡರು.

ಇದಕ್ಕೆ ಜೋಡಿಯಾಗಿ ಇನ್ನೊಂದು ಊರಿನ ಕಥೆ ಹೇಳಲೇಬೇಕು. ಸ್ವಿಟ್ಜರ್ಲೆಂಡಿನ ಲುಗಾನೋದಲ್ಲಿ 1982ರ ಮೇ ತಿಂಗಳಲ್ಲಿ 10 ಕಿಲೋವ್ಯಾಟಿನ ಪುಟ್ಟ ಸ್ಥಾವರವೊಂದನ್ನು ಗ್ರಿಡ್‌ಗೆ ಜೋಡಿಸಿದರು. 288 ಪ್ಯಾನೆಲ್, ಅವೂ ಆರ್ಕೋ ಸೋಲಾರ್‌ನವೇ! ಆದರೆ ಕನ್ನಡಿ ಇಲ್ಲ, ಈವಿಎ ಬದಲು ಪಿವಿಬಿ. ಅಲ್ಲಿನವರು ಅವನ್ನು ಬಿಡದೆ ಅಳೆಯುತ್ತಾ ಬಂದರು. 35 ವರ್ಷದ ನಂತರವೂ ಬಹುಪಾಲು ಪ್ಯಾನೆಲ್‌ಗಳು ಶೇಕಡಾ 80ರ ಆಸುಪಾಸು ಅಥವಾ ಅದಕ್ಕೂ ಹೆಚ್ಚು ಶಕ್ತಿ ಉಳಿಸಿಕೊಂಡಿದ್ದವು. ಒಂದೇ ಮಾದರಿಯ ಪ್ಯಾನೆಲ್‌ಗಳಲ್ಲೂ, ಒಳಗಿನ ಪ್ಲಾಸ್ಟಿಕ್ ಯಾವ ಬೆರಕೆಯದ್ದು ಅನ್ನೋದರ ಮೇಲೆ ಕೆಲವು ಚೆನ್ನಾಗಿ ಬಾಳಿದ್ದವು, ಕೆಲವು ಬೇಗ ಸೊರಗಿದ್ದವು.

ಇನ್ನು ಇದರ ಉಲ್ಟಾ ಕಥೆ. ಕಣ್ಣಿಗೆ ಮದುವೆ ಗಂಡಿನ ಹಾಗೆ ಹೊಳೆಯುವ ಪ್ಯಾನೆಲ್, ಶಕ್ತಿ ಮಾತ್ರ ಸೋರಿಹೋಗಿದೆ! 2010ರ ಸುಮಾರಿಗೆ ಯುರೋಪಿನ ದೊಡ್ಡ ಸ್ಥಾವರಗಳಲ್ಲಿ ಇದು ಸುದ್ದಿಯಾಯ್ತು. ಸರಣಿ ಉದ್ದವಾಗಿ ವೋಲ್ಟೇಜ್ ನೂರಾರು ದಾಟಿದಾಗ, ಗಾಜಿನಲ್ಲಿರುವ ಸೋಡಿಯಂ ನಿಧಾನವಾಗಿ ಸೆಲ್‌ನೊಳಕ್ಕೆ ಸರಿದು ಕರೆಂಟು ಒಳಗೇ ಸೋರುವಂತೆ ಮಾಡುತ್ತದೆ. ಇದಕ್ಕೆ ಪಿಐಡಿ ಅಂತ ಹೆಸರು. ನೋಡಿದರೆ ಏನೂ ಗೊತ್ತಾಗದು. ಕೂದಲೆಳೆಯಂಥಾ ಬಿರುಕುಗಳೂ ಹಾಗೇ. ಅವನ್ನು ಕಾಣುವುದಕ್ಕೆ ಜಪಾನಿನ ನಾರಾದಲ್ಲಿ ಫುಯುಕಿ ಮತ್ತು ಸಂಗಡಿಗರು 2005ರಲ್ಲಿ ಒಂದು ಚಂದದ ಉಪಾಯ ತೋರಿಸಿದರು. ಬೆಳಕು ಕೊಟ್ಟರೆ ಕರೆಂಟು ಕೊಡುವ ಸೆಲ್, ಕರೆಂಟು ಕೊಟ್ಟರೆ ಮಂಕಾದ ಬೆಳಕು ಬೀರುತ್ತದೆ. ನಮ್ಮ ಕಣ್ಣಿಗೆ ಕಾಣದ ಆ ಬೆಳಕನ್ನು ಕ್ಯಾಮೆರಾದಲ್ಲಿ ಹಿಡಿದರೆ ಬಿರುಕು, ಸತ್ತ ಭಾಗ ಎಲ್ಲ ಎಕ್ಸ್‌ರೇಯಲ್ಲಿ ಮೂಳೆ ಮುರಿದ ಹಾಗೆ ಕಪ್ಪಗೆ ಕಾಣುತ್ತದೆ.

ಹಾಗಾದ್ರೆ ಹಳೇ ಪ್ಯಾನೆಲ್ ಮುಂದೆ ನಿಂತವನು ಏನು ಮಾಡಬೇಕು? ನಾನು ಕಲಿತದ್ದು ಇಷ್ಟು. ಕಂದು ಬಣ್ಣ ಸಾಮಾನ್ಯವಾಗಿ ಕರೆಂಟನ್ನು ಸ್ವಲ್ಪ ಇಳಿಸುತ್ತದೆ, ವೋಲ್ಟೇಜನ್ನು ಹೆಚ್ಚುಕಮ್ಮಿ ಮುಟ್ಟುವುದಿಲ್ಲ. ಹಾಲು ಚೆಲ್ಲಿದಂಥಾ ಬಿಳಿ ಮಚ್ಚೆ ಅಂದರೆ ಪ್ಲಾಸ್ಟಿಕ್ ಬಿಟ್ಟುಕೊಂಡಿದೆ, ಒಳಗೆ ನೀರು ಹೋಗುವ ದಾರಿ ಅದು. ಬಸವನಹುಳು ಹರಿದಂಥಾ ಗೆರೆ ಕಂಡರೆ ಕೆಳಗೆ ಬಿರುಕಿರುವ ಸಾಧ್ಯತೆ ಹೆಚ್ಚು. ಹಿಂದಿನ ಹಾಳೆಯಲ್ಲಿ ಸುಟ್ಟ ಕಲೆಯಿದ್ದರೆ ಮಾತ್ರ ತಮಾಷೆಯಲ್ಲ, ಒಂದು ಸೆಲ್ ಕರೆಂಟು ಕೊಡುವ ಬದಲು ನುಂಗಿ ಕಾದಿದೆ. ಅದನ್ನು ಇಳಿಸಿಬಿಡಬೇಕು.

ಆಮೇಲೆ ಮಲ್ಟಿಮೀಟರ್. 36 ಸೆಲ್‌ಗಳ ಹಳೇ ಪ್ಯಾನೆಲ್ ತೆರೆದ ತಂತಿಯಲ್ಲಿ 20-21 ವೋಲ್ಟ್ ತೋರಿಸಬೇಕು. ಅದು ಒಮ್ಮೆಲೇ ಅರ್ಧಕ್ಕೆ ಬಿದ್ದಿದ್ದರೆ ಒಂದು ಡಯೋಡ್ ಶಾರ್ಟ್ ಆಗಿರಬಹುದು. ಡಯೋಡಿನ ಬೆಲೆ ಪ್ಯಾನೆಲ್‌ನ ಬೆಲೆಯಲ್ಲ! ತೆರೆದ ವೋಲ್ಟೇಜ್ ಸರಿ, ಶಾರ್ಟ್ ಕರೆಂಟೂ ಸರಿ, ಆದರೆ ದೀಪ ಹಚ್ಚಿದ ಕೂಡಲೇ ಕುಸಿಯುತ್ತದೆ ಅಂದರೆ ಬೆಸುಗೆ ಬಿಟ್ಟಿದೆ ಅಥವಾ ತುಕ್ಕು ತಿಂದಿದೆ. ಒಂದು ಎಚ್ಚರಿಕೆ ಹೇಳ್ತೀನಿ. ಇದೆಲ್ಲ ಒಂಟಿ ಪ್ಯಾನೆಲ್‌ಗೆ ಮಾತ್ರ. ಇವತ್ತಿನ ಗ್ರಿಡ್‌ಗೆ ಜೋಡಿಸಿದ ಮಾಡಿನ ಸರಣಿಯಲ್ಲಿ ನೂರಾರು ವೋಲ್ಟ್ ಡಿಸಿ ಇರುತ್ತದೆ, ಕಿಡಿ ಹತ್ತಿದರೆ ಆರುವುದಿಲ್ಲ. ಅದಕ್ಕೆ ಬಲ್ಲವರನ್ನೇ ಕರೆಯಿರಿ.

2019ರ ಜನವರಿಯಲ್ಲಿ ಊರಿಗೆ ಹೋದಾಗ ಬ್ಯಾಗಿನಲ್ಲಿ ಮೀಟರ್ ಇತ್ತು. ಅಪ್ಪಯ್ಯನ ಹತ್ತಿರ ಹಳೇ ಪ್ಯಾನೆಲ್ ಎಲ್ಲಿ ಬಿಸಾಕಿದೆ ಅಂತ ಕೇಳಿದೆ. "ಬಿಸಾಕೂಕೆ ಮನಸು ಬರ್ಲಿಲ್ಲ" ಅಂತ ಸೌದೆ ಕೊಟ್ಟಿಗೆ ಕಡೆ ಕೈ ತೋರಿಸಿದ. ಎಂಟು ವರ್ಷದಿಂದ ಅದು ಸೌದೆ ಒಟ್ಟಿಲಿಗೆ ಮಳೆ ತಡೆಯುವ ಮುಚ್ಚಳವಾಗಿತ್ತು. ತೊಳೆದು, ಮಧ್ಯಾಹ್ನ ಅಂಗಳದಲ್ಲಿ ಹೊಸ ಪ್ಯಾನೆಲ್ ಪಕ್ಕದಲ್ಲೇ ಅದೇ ಕೋನದಲ್ಲಿ ಮಲಗಿಸಿದೆ. ಹೊಸತು ತನ್ನ ಚೀಟಿಯಲ್ಲಿ ಬರೆದ ಕರೆಂಟಿನ ಶೇಕಡಾ 90 ಕೊಡುತ್ತಿತ್ತು, ಅಂದರೆ ಅವತ್ತಿನ ಬಿಸಿಲು ಅಷ್ಟು. ಹಳೆಯದರ ಚೀಟಿಯಲ್ಲಿ 2.5 ಆಂಪ್ಸ್. ಆ ಬಿಸಿಲಿಗೆ 2.25 ಕೊಡಬೇಕು. ಮೀಟರ್ ತೋರಿಸಿದ್ದು 2.1! 21 ವರ್ಷದಲ್ಲಿ ಕಳೆದುಕೊಂಡದ್ದು ನೂರಕ್ಕೆ ಏಳರ ಹತ್ತಿರ. ಬ್ಯಾಟರಿಗೆ ಜೋಡಿಸಿದಾಗಲೂ 2 ಆಂಪ್ಸ್ ಹರಿಯಿತು, ಅಂದರೆ ಬೆಸುಗೆಗಳೂ ಗಟ್ಟಿ. ಅಮೆರಿಕಾದ ಎನ್‌ಆರ್‌ಇಎಲ್ ಸಂಸ್ಥೆಯ ಜೋರ್ಡನ್ ಮತ್ತು ಕರ್ಟ್ಜ್ ಪ್ರಪಂಚದೆಲ್ಲೆಡೆಯ ಸುಮಾರು ಎರಡು ಸಾವಿರ ಅಳತೆಗಳನ್ನು ಕೂಡಿಸಿ, ಪ್ಯಾನೆಲ್‌ಗಳು ವರ್ಷಕ್ಕೆ ಶಕ್ತಿಯ ಶೇಕಡಾ ಅರ್ಧದ ಆಸುಪಾಸು ಕಳೆದುಕೊಳ್ಳುತ್ತವೆ ಅಂತ ಲೆಕ್ಕ ಕೊಟ್ಟಿದ್ದರು. ಅಪ್ಪಯ್ಯನ ಪ್ಯಾನೆಲ್ ಅದಕ್ಕಿಂತಲೂ ಗಟ್ಟಿಗನಾಗಿಯೇ ಕಂಡಿತು.

"ಹಂಗಾರೆ ನೀ ಹೇಳಿದ್ದು?" ಅಂತ ಅಪ್ಪಯ್ಯ ಕೇಳಿದ. ನಾನು ಮೀಟರ್ ಮಡಚಿದೆ. ಅವನೂ ಮತ್ತೆ ಕೆದಕಲಿಲ್ಲ. ಸಂಜೆ ಆ ಪ್ಯಾನೆಲ್ ಕೊಟ್ಟಿಗೆಯ ಮಾಡು ಹತ್ತಿತು. ಈಗ ದನ ಕಟ್ಟುವಲ್ಲಿ ಒಂದು ಎಲ್ಇಡಿ ದೀಪ ಅದರ ಪುಣ್ಯದಿಂದ ಉರೀತಿದೆ.

ನಮ್ಮೂರಿನ ಈ ಸಂಗತಿ ಚಿಕ್ಕದು. ಆದರೆ ಲೆಕ್ಕ ದೊಡ್ಡದಾಗುತ್ತಿದೆ. ಕೋಲಾರ ಜಿಲ್ಲೆಯ ಯಳೇಸಂದ್ರದಲ್ಲಿ 2010ರ ಹೊತ್ತಿಗೆ ಶುರುವಾದ 3 ಮೆಗಾವ್ಯಾಟಿನ ಸ್ಥಾವರ ಈಗ ನಡುವಯಸ್ಸಿನದು. ಪಾವಗಡದಲ್ಲಿ 2050 ಮೆಗಾವ್ಯಾಟ್ ಬಿಸಿಲಿಗೆ ಮೈಯೊಡ್ಡಿ ಕೂತಿದೆ. 2024ರಲ್ಲಿ ಕೇಂದ್ರ ಸರಕಾರ ಒಂದು ಕೋಟಿ ಮನೆಗಳ ಮಾಡಿಗೆ ಸೋಲಾರ್ ಅಂತ ಯೋಜನೆ ಹಾಕಿತು. ಐಐಟಿ ಬಾಂಬೆಯವರು ಮತ್ತು ರಾಷ್ಟ್ರೀಯ ಸೌರಶಕ್ತಿ ಸಂಸ್ಥೆಯವರು 2013ರಿಂದ ಹಲವು ಸಲ ದೇಶ ಸುತ್ತಿ ಪ್ಯಾನೆಲ್‌ಗಳ ಆರೋಗ್ಯ ತಪಾಸಣೆ ಮಾಡಿದ್ದಾರೆ. ಬಿಸಿ ಪ್ರದೇಶದವು ತಂಪು ಪ್ರದೇಶದವಕ್ಕಿಂತ ಬೇಗ ಸೊರಗುತ್ತವೆ, ಮನೆ ಮಾಡಿನ ಮೇಲಿನ ಚಿಕ್ಕವು ದೊಡ್ಡ ಸ್ಥಾವರದವಕ್ಕಿಂತ ಹೆಚ್ಚು ಸೊರಗಿವೆ ಅನ್ನೋದು ಅವರು ಕಂಡ ಸತ್ಯ. ಇವೆಲ್ಲ ಮುಪ್ಪಾದಾಗ ಬಣ್ಣ ನೋಡಿ ಬಿಸಾಕಿದರೆ ಗುಡ್ಡೆ ಗುಡ್ಡೆ ಗಾಜು, ಪ್ಲಾಸ್ಟಿಕ್ ಎಲ್ಲಿ ಹಾಕೋದು? ಬಣ್ಣ ಚೆನ್ನಾಗಿದೆ ಅಂತ ಬಿಟ್ಟರೆ, ಒಳಗೆ ಕಾಯುತ್ತಿರುವ ಸೆಲ್ ಯಾರ ಮಾಡಿಗೆ ಬೆಂಕಿ ಹಚ್ಚೀತು?

ನಿಮ್ಮ ಊರಿನ ಮನೆಯ ಮೇಲೂ ಒಂದು ಹಳೇ ಪ್ಯಾನೆಲ್ ಇರಬಹುದು. ಫೋನಿನಲ್ಲಿ ಅಪ್ಪನೋ ಅಮ್ಮನೋ "ದೀಪ ಮಲಗ್ತದೆ" ಅಂದರೆ, ನನ್ನ ಹಾಗೆ ದೂರದಿಂದ ತೀರ್ಪು ಕೊಡಬೇಡಿ. ಮೊದಲು ಬ್ಯಾಟರಿಯ ನೀರು ನೋಡಿಸಿ. ಆಮೇಲೆ ಪ್ಯಾನೆಲ್ ಮೇಲಿನ ಧೂಳು ಒರೆಸಲು ಹೇಳಿ. ಅಷ್ಟಾದ ಮೇಲೆ, ಮೀಟರ್ ಇಡಲು ಬರುವ ಪೇಟೆಯ ಆ ಹುಡುಗನನ್ನು ಕರೆಸಿ.